ಬೀದಿಯವರೆಲ್ಲ ದಪ್ಪಗಾದ ವರ್ಷ

ಆ ಬೀದಿಯವರೆಲ್ಲ ಒಂದೇ ವರ್ಷದಲ್ಲಿ ದಪ್ಪಗಾಗಿಬಿಟ್ಟರು. ಮೊದಲು ಬೇಕರಿಯವನು, ಆಮೇಲೆ ಪೋಸ್ಟಿನವನು, ಅವನ ಹಿಂದೆಯೇ ಮೂಲೆಮನೆಯ ಟೀಚರಮ್ಮ. ನೋಡಿದರೆ ಯಾರ ಮೈಯಲ್ಲೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಮುಖ ಹಾಗೇ ಇತ್ತು, ಕತ್ತು ಹಾಗೇ ಇತ್ತು, ಹಳೇ ಬಟ್ಟೆಗಳೂ ಮೊದಲಿನ ಹಾಗೇ ಹಿಡಿಸುತ್ತಿದ್ದವು. ಹೊಸ ಬಟ್ಟೆ ಮಾತ್ರ ಮೈಗೆ ಏರುತ್ತಿರಲಿಲ್ಲ.

ಹೊಸ ಬಟ್ಟೆ ಹೊಲಿಯುತ್ತಿದ್ದವರು ಕಣ್ಣಳತೆ ಮಾಸ್ಟರು. ವಯಸ್ಸು ಎಪ್ಪತ್ತೊಂದು. ಐವತ್ತು ವರ್ಷದಿಂದ ಅದೇ ಬೀದಿಯಲ್ಲಿ ಅದೇ ಅಂಗಡಿ. ಟೇಪು ಕೊರಳಲ್ಲಿ ನೇತಾಡುತ್ತಿತ್ತು, ಆದರೆ ಅದು ಬರೀ ಶೋಕಿಗೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅವನ ಎದೆ, ಸೊಂಟ, ತೋಳು ಎಲ್ಲವೂ ಮಾಸ್ಟರ ತಲೆಯೊಳಗೆ ಹೋಗಿ ಕೂತಿರುತ್ತಿದ್ದವು. ಒಮ್ಮೆ ಬಸ್ಸಿನ ಕಿಟಕಿಯಲ್ಲಿ ಕಂಡ ಅಪರಿಚಿತನೊಬ್ಬನಿಗೆ ಕೋಟು ಹೊಲಿದಿಟ್ಟಿದ್ದರಂತೆ. ಆರು ತಿಂಗಳ ಮೇಲೆ ಅವನು ಬಂದು ಹಾಕಿಕೊಂಡರೆ ಒಂದು ದಾರದಷ್ಟೂ ಹೆಚ್ಚುಕಮ್ಮಿ ಇರಲಿಲ್ಲವಂತೆ. ಇದನ್ನು ನಂಬದವನು ಇಡೀ ಬೀದಿಗೆ ಒಬ್ಬನೇ, ಆ ಬಸ್ಸಿನ ಡ್ರೈವರು. ಅಷ್ಟು ನಿಧಾನವಾಗಿ ಬಸ್ಸು ಓಡಿಸಿದ್ದು ಅವನಿಗೆ ನೆನಪಿರಲಿಲ್ಲ.

ಹೀಗಿರುವಾಗ ಬೇಕರಿಯವನ ಹೊಸ ಪ್ಯಾಂಟಿನಲ್ಲಿ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಜಾಗ ಉಳಿಯಿತು.

“ಮಾಸ್ಟ್ರೇ, ಇದು ಸ್ವಲ್ಪ ಬಿಗಿ ಆಯ್ತಲ್ಲ.”

“ನಿನ್ನ ಸೊಂಟ ಮೂವತ್ತು. ನಾನು ಮೂವತ್ತಕ್ಕೇ ಹೊಲಿದಿದೀನಿ.”

ಬೇಕರಿಯವನು ತನ್ನ ಹೊಟ್ಟೆಯನ್ನು ತೋರಿಸಿದ. “ಮತ್ತೆ ಇದು?”

“ಅದು ನಿಂದು. ಅದಕ್ಕೆ ನಾನು ಜವಾಬ್ದಾರ ಅಲ್ಲ.”

ಮಾಸ್ಟರ ಕಣ್ಣು ತಪ್ಪುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ತಮ್ಮ ಹೊಟ್ಟೆ ತಪ್ಪಿದೆ ಎಂದೇ ಎಲ್ಲರೂ ನಂಬಿದರು. ಬೇಕರಿಯವನು ತಾನು ಸುಟ್ಟ ಬ್ರೆಡ್ಡನ್ನು ತಾನೇ ಮುಟ್ಟುವುದು ಬಿಟ್ಟ. ಪೋಸ್ಟಿನವನು ಸೈಕಲ್ಲನ್ನು ಮನೆಯಲ್ಲಿ ಬಿಟ್ಟು ನಡೆದೇ ಕಾಗದ ಹಂಚತೊಡಗಿದ. ಬೆಳಗಾದರೆ ಬೀದಿಯ ತುಂಬ ಜನ ಕೈ ಬೀಸಿಕೊಂಡು ಓಡುವುದನ್ನು ಕಂಡು ನಾಯಿಗಳಿಗೆ ತಲೆ ಕೆಟ್ಟಿತು. ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ, ಆದರೂ ಇವರು ಓಡುತ್ತಿದ್ದಾರೆ. ನಾಯಿಗಳು ಒಂದು ವಾರ ಬೊಗಳಿ, ಆಮೇಲೆ ತಾವೂ ಜೊತೆಗೆ ಓಡಿದವು.

ನಾಯಿಗಳಿಗಿಂತ ಹೆಚ್ಚು ಗಲಿಬಿಲಿಯಾದದ್ದು ಕಾಜದಕ್ಕನಿಗೆ. ಅವಳು ಮಾಸ್ಟರ ತಂಗಿ. ಅರವತ್ತಮೂರು ವರ್ಷ. ಅಣ್ಣ ಕತ್ತರಿಸಿ ಹೊಲಿಯುತ್ತಾನೆ, ತಂಗಿ ಕಾಜ ಹಾಕಿ, ಗುಂಡಿ ಹೊಲಿದು, ಇಸ್ತ್ರಿ ಮಾಡಿ ಕೊಡುತ್ತಾಳೆ. ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ಅಣ್ಣನಿಗೆ ಅವಳನ್ನು ಬಿಟ್ಟರೆ ಯಾರೂ ಇಲ್ಲ, ಅವಳಿಗೆ ಅಣ್ಣನನ್ನು ಬಿಟ್ಟರೆ ಯಾರೂ ಇಲ್ಲ.

ಮೊದಲು ಅವಳು ಬಟ್ಟೆಯನ್ನು ಅನುಮಾನಿಸಿದಳು. ಒಂದು ತುಂಡು ಕತ್ತರಿಸಿ, ನೀರಲ್ಲಿ ನೆನೆಸಿ, ಒಣಗಿಸಿ ನೋಡಿದಳು. ಕುಗ್ಗಲಿಲ್ಲ. ಆಮೇಲೆ ಟೇಪನ್ನು ಅನುಮಾನಿಸಿದಳು. ಇನ್ನೂ ಎರಡು ಟೇಪು ತಂದು ಮೂರನ್ನೂ ಪಕ್ಕಪಕ್ಕ ಹಾಸಿದಳು. ಮೂರೂ ಒಂದೇ ಮಾತು ಹೇಳಿದವು. ಹಾಗಾದರೆ ತನ್ನ ಕಣ್ಣೇ ಸರಿಯಿಲ್ಲವೇನೋ ಎಂದು ಕನ್ನಡಕ ಒರೆಸಿಕೊಂಡಳು. ಕನ್ನಡಕ ಒರೆಸಿದ ಮೇಲೂ ಬೇಕರಿಯವನ ಹೊಟ್ಟೆ ಕಳೆದ ವರ್ಷ ಎಲ್ಲಿತ್ತೋ ಅಲ್ಲೇ ಇತ್ತು.

ಅಷ್ಟರಲ್ಲಿ ಮನೆಯೊಳಗೂ ವಿಚಿತ್ರಗಳು ಶುರುವಾಗಿದ್ದವು. ದೊಡ್ಡ ಕತ್ತರಿ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಸಕ್ಕರೆ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. “ಬಿಳಿ ದಾರ ಬಂತಾ?” ಎಂದು ಅಣ್ಣ ಕೇಳುತ್ತಿದ್ದರು. ಬಂತು ಎನ್ನುತ್ತಿದ್ದಳು. ಐದು ನಿಮಿಷಕ್ಕೆ ಮತ್ತೆ, “ಬಿಳಿ ದಾರ ಬಂತಾ ಪುಟ್ಟಿ?” ಒಂದು ದಿನ ಗುಂಡಿ ತರಲು ನಾಲ್ಕು ಅಂಗಡಿ ಆಚೆ ಹೋದವರು ಮೂರು ಗಂಟೆ ಬಿಟ್ಟು ಬಂದರು. ಚಪ್ಪಲಿಯ ತುಂಬ ಧೂಳು, ಕೈಯಲ್ಲಿ ಗುಂಡಿ ಇಲ್ಲ.

“ಎಲ್ಲಿಗೆ ಹೋಗಿದ್ದೆ ಅಣ್ಣ?”

“ಗಾಳಿ ಚೆನ್ನಾಗಿತ್ತು. ಸುತ್ತಾಡ್ಕೊಂಡು ಬಂದೆ.”

ಆ ದಿನ ಗಾಳಿಯೇ ಇರಲಿಲ್ಲ.

ಇನ್ನೊಂದು ದಿನ, ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕಿಕೊಳ್ಳುವ ಬೆರಳಟೋಪಿ ಕಾಣಲಿಲ್ಲ ಎಂದು, ಐವತ್ತು ವರ್ಷ ಎತ್ತರದ ದನಿ ತೆಗೆಯದ ಮನುಷ್ಯ, “ನೀನೇ ಬಚ್ಚಿಟ್ಟಿದೀಯ. ನನ್ನ ಸಾಮಾನೆಲ್ಲ ನೀನೇ ಬಚ್ಚಿಡ್ತೀಯ” ಎಂದು ಕೂಗಾಡಿದರು. ಬೆರಳಟೋಪಿ ಅವರ ಬೆರಳಲ್ಲೇ ಇತ್ತು. ಕಾಜದಕ್ಕ ತೋರಿಸಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತಳು. ಒಲೆಯ ಮೇಲೆ ಏನೂ ಇರಲಿಲ್ಲ.

ಯಾರಿಗಾದರೂ ಹೇಳಬಹುದಿತ್ತು. ಆದರೆ ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಾಸ್ಟರಿಗೆ ಬುದ್ಧಿ ಕೆಟ್ಟಿದೆ ಅನ್ನುತ್ತಾರೆ. ಬಟ್ಟೆ ಕೊಡುವುದನ್ನು ನಿಲ್ಲಿಸುತ್ತಾರೆ. ಕತ್ತರಿಸುವ ಮೇಜಿನ ಮುಂದೆ ಐವತ್ತು ವರ್ಷ ನಿಂತವರನ್ನು ಕರೆದು ಒಂದು ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಬೇಕಾಗುತ್ತದೆ. ಅದಕ್ಕೇ ಮಧ್ಯಾಹ್ನ ಅಣ್ಣ ಮಲಗಿದಾಗ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯಷ್ಟನ್ನೂ ಸಡಿಲಿಸಿ, ಮತ್ತೆ ಹೊಲಿದಿಡತೊಡಗಿದಳು. ಕೆಲವು ಪ್ಯಾಂಟುಗಳು ಉಳಿದವು. ಕೆಲವಕ್ಕೆ ಸಡಿಲಿಸಲು ಬಟ್ಟೆಯೇ ಇರಲಿಲ್ಲ.

ಆರೋಗ್ಯ ಕೇಂದ್ರದ ನರ್ಸಮ್ಮನ ಬಿಳಿ ಕೋಟು ಬಂದದ್ದು ಆಗಲೇ. ಅಣ್ಣ ಹೊಲಿದು ಕೊಟ್ಟಾಗ ಕೋಟು ಎಷ್ಟು ಚಿಕ್ಕದಿತ್ತೆಂದರೆ ಕಾಜ ಹಾಕಲು ತೊಡೆಯ ಮೇಲೆ ಇಟ್ಟುಕೊಂಡರೆ ತೊಡೆಯೇ ಮುಚ್ಚಲಿಲ್ಲ. ನರ್ಸಮ್ಮನ ಮಗಳಿಗೆ ಇರಬೇಕು, ಸ್ಕೂಲಿನ ನಾಟಕಕ್ಕೆ ಇರಬೇಕು ಎಂದುಕೊಂಡು ಅವಳು ಐದು ಕಾಜ ಹಾಕಿ ಕಟ್ಟಿಟ್ಟಳು. ಈ ಒಂದು ವರ್ಷದಲ್ಲಿ ಅವಳು ಕಾಜ ಹಾಕುವುದಕ್ಕಿಂತ ಕಾರಣ ಹುಡುಕುವುದರಲ್ಲಿ ಹೆಚ್ಚು ಪಳಗಿದ್ದಳು.

ಮಾರನೇ ದಿನ ನರ್ಸಮ್ಮ ಕೋಟನ್ನು ಹಿಡಿದುಕೊಂಡು ಬಂದಳು. ಮೂವತ್ತೈದರ ಹೆಂಗಸು, ಎತ್ತರದ ಆಳು.

“ಕಾಜದಕ್ಕ, ಇದು ಯಾರಿಗೆ?”

“ನಿನ್ನ ಮಗಳಿಗಲ್ವಾ?”

“ನಂಗೆ ಮಗಳಿಲ್ಲ.”

“ಹಾಗಾದ್ರೆ…” ಕಾಜದಕ್ಕ ಸ್ವಲ್ಪ ಯೋಚಿಸಿದಳು. “ನೀನೂ ದಪ್ಪ ಆಗಿದೀಯ ಅನ್ಸತ್ತೆ.”

“ಅಕ್ಕ, ನಮ್ಮ ಕೇಂದ್ರದಲ್ಲಿ ತೂಕದ ಮಷೀನಿದೆ. ದಿನಾ ಹತ್ತಿ ಇಳೀತೀನಿ, ಒಂದು ಕಿಲೋನೂ ಏರಿಲ್ಲ. ನಿಮ್ಮ ಬೀದಿಯವರೂ ಬಿ.ಪಿ. ನೋಡಿಸ್ಕೊಳ್ಳೋಕೆ ಬಂದಾಗ ಹತ್ತುತಾರೆ. ಬೇಕರಿಯವರಂತೂ ಮೂರು ಕಿಲೋ ಇಳಿದಿದಾರೆ. ಆದ್ರೂ ಇನ್ನೂ ದಪ್ಪ ಆಗ್ತಿದೀನಿ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು.”

“ಮತ್ತೆ ಬಟ್ಟೆ?”

“ಅದನ್ನೇ ಕೇಳೋಕೆ ಬಂದೆ. ಈ ಕೋಟು ನಂಗೆ ಐದನೇ ಕ್ಲಾಸಲ್ಲಿದ್ದಾಗ ಸರಿಯಾಗ್ತಿತ್ತು.”

ಕತ್ತರಿಸುವ ಮೇಜಿನ ಹಿಂದಿನಿಂದ ಮಾಸ್ಟರು ತಲೆ ಎತ್ತದೆ ಹೇಳಿದರು. “ಐದಲ್ಲ. ನಾಲ್ಕು.” ಆಮೇಲೆ ತಲೆ ಎತ್ತಿ ನರ್ಸಮ್ಮನನ್ನು ನೋಡಿ ಪ್ರೀತಿಯಿಂದ ನಕ್ಕರು. “ಸ್ಕೂಲು ಬಿಡ್ತಾ ಮರಿ? ಅಮ್ಮ ಬರ್ಲಿಲ್ವಾ?”

ಆ ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ನರ್ಸಮ್ಮ ಮೇಜಿನ ಹತ್ತಿರ ಹೋಗಿ, “ಇವತ್ತು ನಾನೊಬ್ಳೇ ಬಂದೆ ಮಾಸ್ಟ್ರೇ” ಎಂದಳು. ಅಷ್ಟೇ. ಅವರು ತಲೆದೂಗಿ ಮತ್ತೆ ಚಾಕ್ ಎತ್ತಿಕೊಂಡರು.

ಕಾಜದಕ್ಕನಿಗೆ ಆಗ ಒಂದೊಂದೇ ಹೊಳೆಯತೊಡಗಿತು. ಬೇಕರಿಯವನ ಸೊಂಟ ಮೂವತ್ತು ಇದ್ದದ್ದು ನಿಜ, ಆದರೆ ಅದು ಅವನ ಮದುವೆಯ ವರ್ಷ. ಪೋಸ್ಟಿನವನ ಅಂಗಿಯ ತೋಳು ಗಿಡ್ಡ ಬಂದದ್ದೂ ಹಾಗೇ, ಅದು ಅವನು ಮೀಸೆ ಚಿಗುರದ ಹುಡುಗನಾಗಿ ಕೆಲಸಕ್ಕೆ ಸೇರಿದಾಗಿನ ಅಳತೆ. ಅಣ್ಣನ ಕಣ್ಣಳತೆ ಕೆಟ್ಟಿರಲಿಲ್ಲ. ಅವರು ಇಪ್ಪತ್ತೈದು ವರ್ಷದ ಹಿಂದಿನ ಬೀದಿಗೆ ಬಟ್ಟೆ ಹೊಲಿಯುತ್ತಿದ್ದರು.

ನರ್ಸಮ್ಮ ಅವಳನ್ನು ಹೊರಗಿನ ಮೆಟ್ಟಿಲಿಗೆ ಕರೆದು ಕೂರಿಸಿಕೊಂಡಳು.

“ಎಷ್ಟು ದಿನದಿಂದ?”

“ಏನು ಎಷ್ಟು ದಿನದಿಂದ? ವಯಸ್ಸಾಯ್ತಲ್ಲ. ವಯಸ್ಸಾದ್ಮೇಲೆ ಮರೆವು ಬರದೆ ಇನ್ನೇನು ಬರತ್ತೆ, ಹೊಸ ಹಲ್ಲಾ?” ಎನ್ನುತ್ತಲೇ ಕಾಜದಕ್ಕ ಸಕ್ಕರೆ ಡಬ್ಬಿಯ ಕತ್ತರಿ, ಬಿಳಿ ದಾರ, ಮೂರು ಗಂಟೆಯ ಸುತ್ತಾಟ, ಬೆರಳಟೋಪಿಯ ಜಗಳ ಎಲ್ಲವನ್ನೂ ಹೇಳಿಬಿಟ್ಟಳು.

“ಅಕ್ಕ, ಕತ್ತರಿ ಎಲ್ಲಿಟ್ಟೆ ಅಂತ ಮರೆಯೋದು ವಯಸ್ಸು. ಆಮೇಲೆ ಹುಡುಕಿದ್ರೆ ನೆನಪಾಗತ್ತೆ. ಕತ್ತರಿಯನ್ನ ಸಕ್ಕರೆ ಡಬ್ಬೀಲಿಟ್ಟು ಯಾರೋ ಕದ್ರು ಅನ್ನೋದು ಬೇರೆ. ಕೇಳಿದ್ದೇ ಕೇಳೋದು, ದಿನಾ ಓಡಾಡೋ ದಾರಿ ತಪ್ಪೋದು, ಕೈಗೆ ಪಳಗಿದ ಕೆಲಸ ತಡಕಾಡೋದು, ಸ್ವಭಾವ ಬದಲಾಗೋದು, ಇವೆಲ್ಲ ಬರೀ ವಯಸ್ಸಲ್ಲ. ಮೆದುಳಿಗೆ ಏನೋ ಆಗಿದೆ ಅಂತ ಅರ್ಥ.”

“ಹುಚ್ಚು ಅಂತೀಯಾ?”

“ಇಲ್ಲ. ಕಣ್ಣಿಗೆ ಪೊರೆ ಬಂದ್ರೆ ಹುಚ್ಚು ಅಂತೀವಾ? ಇದೂ ಮೈಯೊಳಗಿನ ಒಂದು ಕಾಯಿಲೆ. ಅವರ ತಪ್ಪಲ್ಲ, ನಿಮ್ಮ ತಪ್ಪಲ್ಲ. ಇನ್ನೊಂದು ಮಾತು. ಕೆಲವು ಸಲ ಕಾಯಿಲೆ ಬೇರೇನೇ ಇರತ್ತೆ. ರಕ್ತದಲ್ಲಿ ವಿಟಮಿನ್ ಕಮ್ಮಿ, ಥೈರಾಯ್ಡು, ಮನಸ್ಸಿಗೆ ಬೇಜಾರು, ತಗೊಳ್ಳೋ ಮಾತ್ರೆಗಳೇ ಹೊಂದದೆ ಇರೋದು, ಇವೂ ಹೀಗೇ ಮಂಕು ಕವಿಸ್ತವೆ. ಅವಕ್ಕೆ ಔಷಧಿ ಇದೆ. ನೋಡಿಸದೆ ಹೇಗೆ ಗೊತ್ತಾಗ್ಬೇಕು?”

“ನೋಡಿಸಿದ್ರೆ ಊರಿಗೆಲ್ಲ ಗೊತ್ತಾಗತ್ತೆ.”

“ಊರೆಲ್ಲ ಊಟ ಬಿಟ್ಟು ಓಡ್ತಿದೆ ಅಕ್ಕ. ಅವರಿಗೂ ಸ್ವಲ್ಪ ನ್ಯಾಯ ಬೇಡ್ವಾ?”

ಕಾಜದಕ್ಕನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಯಾವುದನ್ನು ಮೊದಲು ಮುಗಿಸಬೇಕು ಎಂದು ತಿಳಿಯದೆ ಎರಡನ್ನೂ ಒಟ್ಟಿಗೇ ಮುಗಿಸಿದಳು.

ಆ ಶುಕ್ರವಾರ ಅಣ್ಣತಂಗಿ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬಿ.ಪಿ. ನೋಡಿದಳು, ಕಿವಿಗೆ ದೀಪ ಹಾಕಿ ನೋಡಿದಳು, ಆಮೇಲೆ ಒಂದು ಹಾಳೆ ತೆಗೆದು ಪ್ರಶ್ನೆ ಶುರುಮಾಡಿದಳು.

“ಇವತ್ತು ಯಾವ ವಾರ ಮಾಸ್ಟ್ರೇ?”

ಮಾಸ್ಟರು ನಿಧಾನವಾಗಿ ಹಿಂದೆ ತಿರುಗಿದರು. ಹಿಂದೆ ಕೂತಿದ್ದ ಕಾಜದಕ್ಕ ಗಂಟಲು ಸರಿಮಾಡಿಕೊಳ್ಳುವ ನೆಪದಲ್ಲಿ “ಶುಕ್ರ” ಎಂದು ಕೆಮ್ಮಿದಳು.

“ಶುಕ್ರವಾರ.”

“ತಿಂಗಳು ಯಾವುದು?”

ಈ ಸಲ ಅವಳ ಕೆಮ್ಮು ಇನ್ನೂ ಉದ್ದವಾಗಿತ್ತು, ಯಾಕೆಂದರೆ ತಿಂಗಳ ಹೆಸರೂ ಉದ್ದವಾಗಿತ್ತು. ಅದೂ ಸರಿಯಾಯಿತು. ಮೂರು ಪದ ನೆನಪಿಟ್ಟುಕೊಳ್ಳಿ ಎಂದರೆ ಮೂರನ್ನೂ ಅವಳು ನೆನಪಿಟ್ಟುಕೊಂಡಳು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರೆ ಅವಳು ಬೆರಳಲ್ಲಿ ಅಣ್ಣನ ಬೆನ್ನ ಮೇಲೆ ಬರೆದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. “ಕಾಜದಕ್ಕ, ನೀವು ಒಳ್ಳೇ ಮಾರ್ಕ್ಸಲ್ಲಿ ಪಾಸು. ನಿಮ್ಮ ಮೆದುಳಿಗೆ ಏನೂ ಆಗಿಲ್ಲ. ಈಗ ಬಾಯಿಗೆ ಗುಂಡಿ ಹಾಕ್ಕೊಂಡು ಆ ಮೂಲೇಲಿ ಕೂತ್ಕೊಳ್ಳಿ. ಪರೀಕ್ಷೆ ನಿಮ್ಮಣ್ಣಂದು.”

ಕಾಜದಕ್ಕ ಹೋಗಿ ಕೂತಳು. ಐವತ್ತು ವರ್ಷದಲ್ಲಿ ಅಣ್ಣನೊಬ್ಬನನ್ನೇ ಬಿಟ್ಟು ಅವಳು ದೂರ ಕೂತು ನೋಡಿದ್ದು ಅದೇ ಮೊದಲು.

“ಒಂದು ಗಡಿಯಾರ ಬರೀರಿ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸ್ಬೇಕು.”

ಮಾಸ್ಟರು ಪೆನ್ನು ತೆಗೆದುಕೊಂಡು ಕೈ ಎತ್ತದೆ ಒಂದು ವೃತ್ತ ಎಳೆದರು. ಎಂಥ ವೃತ್ತವೆಂದರೆ ಬಟ್ಟಲು ಬೋರಲು ಹಾಕಿ ಎಳೆದರೂ ಅಷ್ಟು ದುಂಡಗೆ ಬರುತ್ತಿರಲಿಲ್ಲ. ಆಮೇಲೆ ಅಂಕಿ ಬರೆಯತೊಡಗಿದರು. ಒಂದು, ಎರಡು, ಮೂರು. ಅರ್ಧ ವೃತ್ತ ಮುಗಿಯುವಷ್ಟರಲ್ಲಿ ಹನ್ನೆರಡೂ ಮುಗಿದುಹೋದವು. ಉಳಿದರ್ಧ ಖಾಲಿ ಉಳಿಯಿತು. ಅವರು ಆ ಖಾಲಿ ಜಾಗವನ್ನು ನೋಡಿದರು. ಎಲ್ಲೋ ಬಟ್ಟೆ ಸಾಲದೆ ಹೋಗಿದೆ ಎನ್ನುವ ಹಾಗೆ ಬೆರಳಿಂದ ಸವರಿದರು. ಆಮೇಲೆ ತಿರುಗಿ ತಂಗಿಯನ್ನು ನೋಡಿದರು.

ಕಾಜದಕ್ಕ ತನ್ನ ಕೈಗಳನ್ನು ನೋಡಿಕೊಂಡಳು.

“ಪುಟ್ಟಿ, ನೀನು ಕೆಮ್ಮಲಿಲ್ಲ.”

“ಕೆಮ್ಮು ನಿಂತೋಯ್ತು ಅಣ್ಣ.”

ಮಾಸ್ಟರು ಪೆನ್ನನ್ನು ಹಾಳೆಗೆ ಸಮನಾಗಿ ಜೋಡಿಸಿಟ್ಟರು. “ಒಂದು ವರ್ಷ ಆಯ್ತು ಡಾಕ್ಟ್ರೇ. ಬಟ್ಟೆ ಮೇಲೆ ಚಾಕ್ ಇಟ್ಟರೆ ಮುಂದೇನು ಅಂತ ಹೊಳೆಯಲ್ಲ. ಯಾರಾದ್ರೂ ಬಂದು ನಿಂತರೆ ಅವರ ಅಳತೆ ಬರತ್ತೆ, ಆದ್ರೆ ಯಾವ ಕಾಲದ್ದೋ ಬರತ್ತೆ. ಇವಳು ಮಧ್ಯಾಹ್ನ ಹೊಲಿಗೆ ಬಿಚ್ತಾಳೆ. ನಾನು ಅರ್ಧ ಕಣ್ಣು ಬಿಟ್ಕೊಂಡು ಮಲಗಿರ್ತೀನಿ.”

“ಗೊತ್ತಿತ್ತಾ ನಿಂಗೆ?” ಕಾಜದಕ್ಕನ ಬಾಯಿಯ ಗುಂಡಿ ಕಿತ್ತು ಬಂತು. “ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನು ಯಾಕೆ ಹೇಳ್ಲಿಲ್ಲ?”

“ನಿನ್ನನ್ನ ಮೂಲೇಲಿ ಕೂರಿಸ್ಬೇಕಾಗತ್ತೆ ಅಂತ.”

“ನಂಗೂ ಅದೇ ಭಯ” ಎಂದರು ಮಾಸ್ಟರು.

ಒಂದೇ ಭಯವನ್ನು ಇಬ್ಬರೂ ಒಂದೇ ಮನೆಯಲ್ಲಿ ಬೇರೆಬೇರೆಯಾಗಿ ಬಚ್ಚಿಟ್ಟಿದ್ದರು. ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಚೀಟಿ ಬರೆದಳು.

ರಕ್ತ ಪರೀಕ್ಷೆಯಾಯಿತು. ದೊಡ್ಡಾಸ್ಪತ್ರೆಗೆ ಕಳಿಸಿ ತಲೆಯ ಚಿತ್ರವನ್ನೂ ತೆಗೆಸಿದರು. ಬಿ ಹನ್ನೆರಡು ಎನ್ನುವ ವಿಟಮಿನ್ ತೀರಾ ಕಡಿಮೆ ಇತ್ತು, ಅದಕ್ಕೆ ಇಂಜೆಕ್ಷನ್ ಶುರುವಾಯಿತು. ಬಿ.ಪಿ. ಜಾಸ್ತಿ ಇತ್ತು, ಅದಕ್ಕೆ ಮಾತ್ರೆ. ಎಡಕಿವಿ ಮುಕ್ಕಾಲು ಪಾಲು ಕೇಳುತ್ತಿರಲಿಲ್ಲ, ಅದಕ್ಕೆ ಯಂತ್ರ. ಯಂತ್ರ ಹಾಕಿದ ಮೇಲೆ ಒಂದು ಸಂಗತಿ ಬಯಲಾಯಿತು. ಬಿಳಿ ದಾರ ಬಂದಿದೆ ಎಂದು ಕಾಜದಕ್ಕ ಆರು ಸಲ ಹೇಳಿದ್ದರಲ್ಲಿ ಮಾಸ್ಟರು ಮೂರು ಸಲ ಮರೆತಿದ್ದರು, ಇನ್ನು ಮೂರು ಸಲ ಅವರಿಗೆ ಕೇಳಿಸಿರಲೇ ಇಲ್ಲ. ಎರಡು ಮೂರು ತಿಂಗಳಲ್ಲಿ ಮಂಕು ಒಂದಷ್ಟು ಇಳಿಯಿತು.

ಪೂರ್ತಿ ಇಳಿಯಲಿಲ್ಲ. ಅದನ್ನು ಡಾಕ್ಟರಮ್ಮ ಮುಚ್ಚಿಡಲಿಲ್ಲ.

“ಉಳಿದದ್ದು ಡಿಮೆನ್ಶಿಯಾ. ನೆನಪು, ಯೋಚನೆ ಎರಡೂ ನಿಧಾನವಾಗಿ ಸವೆಯೋ ಕಾಯಿಲೆ. ಈಗ ಶುರುವಲ್ಲಿದೆ. ಪೂರ್ತಿ ವಾಸಿ ಆಗಲ್ಲ, ಸುಳ್ಳು ಹೇಳಲ್ಲ. ಆದ್ರೆ ಶುರುವಲ್ಲೇ ಗೊತ್ತಾಗಿರೋದ್ರಿಂದ ತುಂಬಾ ದಿನ ಚೆನ್ನಾಗಿಟ್ಕೋಬಹುದು. ಏನೇನು ಹೇಗಿರ್ಬೇಕು ಅಂತ ಅವರೇ ಈಗ್ಲೇ ಹೇಳ್ಬಹುದು.”

“ಅಂಗಡಿ ಮುಚ್ಬೇಕಾ?” ಕಾಜದಕ್ಕ ಕೇಳಿದಳು. ಒಂದು ವರ್ಷದಿಂದ ಗಂಟಲಲ್ಲಿದ್ದ ಪ್ರಶ್ನೆ.

“ಯಾಕೆ ಮುಚ್ತೀರಿ? ಕೆಲಸ ಬಿಡಿಸಿ ಒಬ್ಬರನ್ನೇ ಕೂರಿಸಿದ್ರೆ ಇನ್ನೂ ಕುಗ್ತಾರೆ. ಕೈಲಾಗೋ ಅಷ್ಟು ಮಾಡ್ಲಿ, ನೀವು ಪಕ್ಕದಲ್ಲಿರಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ತಪ್ಪಿದ್ರೆ ವಾದ ಮಾಡ್ಬೇಡಿ. ಸಾಮಾನಿಗೆಲ್ಲ ಒಂದೊಂದು ಜಾಗ ಮಾಡಿ ಅಲ್ಲಲ್ಲೇ ಇಡಿ. ಜೇಬಲ್ಲಿ ವಿಳಾಸದ ಚೀಟಿ ಇರ್ಲಿ. ದಿನಾ ಜೊತೇಲಿ ಒಂದು ಸುತ್ತು ನಡೀರಿ. ಮುಂದೆ ಯಾವತ್ತೋ ಕತ್ತರಿ ಕೆಳಗಿಡ್ಬೇಕಾಗಬಹುದು. ಅವತ್ತು ಇಬ್ಬರೂ ಕೂತು ಮಾತಾಡಿ.”

“ಅವತ್ತು ಬಂದಾಗ ನಾನೇ ಇಡ್ತೀನಿ” ಎಂದರು ಮಾಸ್ಟರು. “ಸಕ್ಕರೆ ಡಬ್ಬೀಲಿ ಇಡಲ್ಲ.”

ಬೀದಿಗೆ ಕಾಜದಕ್ಕನೇ ಹೇಳಿದಳು. ಬಟ್ಟೆ ವಾಪಸು ಕೇಳುತ್ತಾರೆ ಎಂದು ಕಾದಳು. ಯಾರೂ ಕೇಳಲಿಲ್ಲ. ತಾನು ದಪ್ಪಗಾಗಿಲ್ಲ ಎನ್ನುವ ಸಂತೋಷದಲ್ಲಿ ಬೇಕರಿಯವನು ಅಂದೇ ಒಂದು ಇಡೀ ಬ್ರೆಡ್ಡು ತಿಂದ. ಉಳಿದವರು ಬೆಳಗಿನ ನಡಿಗೆ ಬಿಡಲಿಲ್ಲ, ಮೈಗೂ ಮೆದುಳಿಗೂ ಅದು ಒಳ್ಳೆಯದೇ ಎಂದು ನರ್ಸಮ್ಮ ಹೇಳಿದ್ದಳು. ಅಣ್ಣತಂಗಿಯೂ ಅವರ ಜೊತೆ ಸೇರಿಕೊಂಡರು.

ಈಗ ಅಂಗಡಿಯಲ್ಲಿ ಕಣ್ಣಳತೆ ಇಲ್ಲ. ಟೇಪಿನ ಅಳತೆ. ಮಾಸ್ಟರು ಅಳೆಯುತ್ತಾರೆ, ತಂಗಿ ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಮೇಲೆ ಚೀಟಿ ಇಡುತ್ತಾಳೆ. ಮೊನ್ನೆ ಅಗ್ನಿಶಾಮಕದವನೊಬ್ಬ ಹೊಸದಾಗಿ ಬಂದ, ಬಾಗಿಲಿನಷ್ಟು ಅಗಲದ ಆಳು. ಮಾಸ್ಟರು ಅವನ ಎದೆಯ ಸುತ್ತ ಟೇಪು ಹಿಡಿದು ನಲವತ್ತನಾಲ್ಕು ಎಂದರು. ಕಾಜದಕ್ಕ ಬರೆದುಕೊಂಡಳು. ಮಾಸ್ಟರು ಚಾಕ್ ತರಲು ಹೋದರು, ಬರುವಾಗ ಟೇಪನ್ನೇ ಬಿಡಿಸಿಕೊಂಡು ಬಂದು, “ಕೈ ಎತ್ತಪ್ಪ” ಎಂದರು.

ಅವನು ಕಾಜದಕ್ಕನ ಮುಖ ನೋಡಿದ. ಅವಳು ಎತ್ತು ಎಂದು ಸನ್ನೆ ಮಾಡಿದಳು. ಅವನು ಕೈ ಎತ್ತಿದ.

“ಆಗ್ಲೇ ಅಳೆದ್ನಾ ನಾನು?” ಮಾಸ್ಟರು ಅರ್ಧದಲ್ಲಿ ನಿಂತು ಕೇಳಿದರು.

“ಅಳೆದ್ರಿ” ಎಂದ ಅವನು.

“ಎಷ್ಟು ಬಂತು?”

“ನಲವತ್ನಾಲ್ಕು.”

ಮಾಸ್ಟರು ಟೇಪನ್ನು ಕಣ್ಣ ಹತ್ತಿರ ತಂದು ನೋಡಿದರು. “ಈಗ್ಲೂ ನಲವತ್ನಾಲ್ಕೇ. ಹಾಗಾದ್ರೆ ಸರಿಯಾಗಿದೆ” ಎಂದು ಹೇಳಿ, ಮೇಜಿನ ಹತ್ತಿರ ಹೋಗಿ, ಚೀಟಿ ನೋಡಿಕೊಂಡು, ಬಟ್ಟೆಗೆ ಕತ್ತರಿ ಹಾಕಿದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ದರ್ಜಿ ಇಲ್ಲದಿರಬಹುದು. ಆದರೆ ಕೇಳಿದ್ದನ್ನೇ ಕೇಳುವ ಅಪ್ಪ, ಗೊತ್ತಿರುವ ದಾರಿಯಲ್ಲಿ ತಬ್ಬಿಬ್ಬಾಗುವ ಅತ್ತೆ, ಇದ್ದಕ್ಕಿದ್ದ ಹಾಗೆ ಅನುಮಾನಪಡುವ ಅಜ್ಜಿ ಇರಬಹುದು. ಅವರಿಗಾಗಿ ಕಾರಣ ಹುಡುಕುತ್ತ ಕೂರಬೇಡಿ. ನಾಚಿಕೊಳ್ಳಬೇಡಿ, ಬೈಯಬೇಡಿ, ಮೂಲೆಯಲ್ಲಿ ಕೂರಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಅವರ ಉತ್ತರವನ್ನು ಅವರೇ ಹೇಳಲು ಬಿಡಿ. ನಿಮ್ಮ ವಿಷಯಕ್ಕೆ ಬಂದರೆ, ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ, ಕಿವಿ ಮಂದವಾದರೆ ಸುಮ್ಮನಿರಬೇಡಿ, ಬೀಡಿ ಹೊಗೆಸೊಪ್ಪು ಬಿಡಿ, ದಿನಾ ನಡೆಯಿರಿ, ನಾಲ್ಕು ಜನರ ಜೊತೆ ಹರಟೆ ಹೊಡೆಯಿರಿ. ಇಷ್ಟು ಮಾಡಿದರೆ ಕಾಯಿಲೆ ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ, ಆದರೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ.

ಈ ವಾರವೇ ಹೋಗಿ. ಮುಂದಿನ ವಾರ ಎಂದರೆ ನೀವೂ ಮರೆಯುತ್ತೀರಿ, ಅವರೂ ಮರೆಯುತ್ತಾರೆ, ನೆನಪಿಸಲು ಮನೆಯಲ್ಲಿ ಯಾರೂ ಉಳಿಯುವುದಿಲ್ಲ.